ಮಗಳಿಗೊಂದು ಪತ್ರ: ಕಿನ್‌ಸೇಲ್‌ನಲ್ಲಿ ನಾಲ್ಕು ರಾತ್ರಿ

ಕಾರ್ಕ್

ಪ್ರೀತಿಯ ಪುಟ್ಟಿ,

ಗಣೇಶನ ಹಬ್ಬ ಮುಗಿಸಿಕೊಂಡು ಸೆಪ್ಟೆಂಬರ್ ಕೊನೆಯ ವಾರ ನೀನೂ ಅಳಿಯಂದಿರೂ ಲಂಡನ್ನಿನಿಂದ ಐರ್ಲೆಂಡಿಗೆ, ನಮ್ಮ ಕಾರ್ಕ್ ಹತ್ತಿರದ ಬಂದರು ಊರು ಕಿನ್‌ಸೇಲ್‌ಗೆ ಬರುತ್ತೀರಿ ಅಂತ ಕೇಳಿ ನಮಗಿಬ್ಬರಿಗೂ ತುಂಬ ಖುಷಿಯಾಯಿತು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ತಿಳಿದದ್ದನ್ನೆಲ್ಲ ಬರೆದು ಕಳಿಸುತ್ತಿದ್ದೇವೆ. ನಾನು ಬರೆಯುತ್ತಿದ್ದೇನೆ, ಬಿಟ್ಟುಹೋದದ್ದನ್ನು ಅಪ್ಪ ಪಕ್ಕದಲ್ಲೇ ಕೂತು ಸೇರಿಸುತ್ತಿದ್ದಾರೆ.

ಮೊದಲಿಗೇ ಒಂದು ಮಾತು. ಕಿನ್‌ಸೇಲ್‌ಗೆ ಬರುವವರಲ್ಲಿ ಬಹಳ ಜನ ಬೆಳಗ್ಗೆ ಕಾರ್ಕ್‌ನಿಂದ ಬಸ್ಸು ಹತ್ತಿ, ಬಣ್ಣದ ಮನೆಗಳ ಮುಂದೆ ಫೋಟೋ ತೆಗೆದು, ಊಟ ಮಾಡಿ, ಸಂಜೆಯ ಬಸ್ಸಿಗೆ ವಾಪಸಾಗುತ್ತಾರೆ. ಊರಿನ ಬೀದಿ ಅವರಿಗೆ ಸಿಗುತ್ತದೆ, ಬಂದರು ಸಿಗುವುದಿಲ್ಲ. ಕಿನ್‌ಸೇಲ್ ಇರುವುದೇ ಬಂದರಿನಿಂದ. ಅಲ್ಲಿ ದಿನವನ್ನು ಜೋಡಿಸಬೇಕಾದದ್ದು ನೋಡಬೇಕಾದ ಜಾಗಗಳ ಪಟ್ಟಿಯಿಂದಲ್ಲ, ನೀರಿನ ಉಬ್ಬರ ಇಳಿತ ಮತ್ತು ಗಾಳಿಯ ದಿಕ್ಕಿನಿಂದ. ಈ ಎರಡನ್ನು ಹಿಂದಿನ ರಾತ್ರಿ ನೋಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ.

ಆದರೆ ಅದಕ್ಕೂ ಮುಂಚೆ ವೀಸಾ. ಇದರಲ್ಲಿ ಎಡವುವವರು ತುಂಬ ಜನ. ನಿಮ್ಮಿಬ್ಬರದೂ ಭಾರತದ ಪಾಸ್‌ಪೋರ್ಟ್. ಯುಕೆಯಲ್ಲಿ ಕೆಲಸದ ವೀಸಾ ಇದೆ ಅಂದ ಮಾತ್ರಕ್ಕೆ ಐರ್ಲೆಂಡಿಗೆ ಬರಲಾಗುವುದಿಲ್ಲ. ಎರಡು ದೇಶಗಳ ನಡುವೆ ತಪಾಸಣೆಯಿಲ್ಲದೆ ಓಡಾಡುವ ಅನುಕೂಲ ಇರುವುದು ಬ್ರಿಟಿಷ್ ಮತ್ತು ಐರಿಷ್ ಪ್ರಜೆಗಳಿಗೆ. ಐರ್ಲೆಂಡ್ ಷೆಂಗೆನ್ ಒಕ್ಕೂಟದಲ್ಲೂ ಇಲ್ಲ, ಹಾಗಾಗಿ ಷೆಂಗೆನ್ ವೀಸಾ ಕೂಡ ಇಲ್ಲಿ ನಡೆಯುವುದಿಲ್ಲ. ಐರ್ಲೆಂಡಿನದೇ ಅಲ್ಪಾವಧಿ ವೀಸಾ ಬೇಕು. ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು, ಪ್ರಯಾಣದ ದಿನಕ್ಕೆ 3 ತಿಂಗಳು ಮುಂಚಿನಿಂದ ಹಾಕಬಹುದು. ಜೂನ್ ಕೊನೆಗೇ ಹಾಕಿಬಿಡಿ. ಕೆಲಸದ ಕಡೆಯಿಂದ ರಜೆಯ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಉಳಿಯುವ ಜಾಗದ ಬುಕಿಂಗ್, ಯುಕೆಯ ಇ-ವೀಸಾದ ಪುರಾವೆ, ಮದುವೆ ಸರ್ಟಿಫಿಕೇಟ್, ಎಲ್ಲವನ್ನೂ ಸೇರಿಸಿ. ಸಿಂಗಲ್ ಎಂಟ್ರಿ ವೀಸಾ ತೆಗೆದುಕೊಂಡರೆ ಒಂದು ಎಚ್ಚರ: ಡಬ್ಲಿನ್ ಕಡೆಯಿಂದ ಸುಮ್ಮನೆ ಬೆಲ್‌ಫಾಸ್ಟ್ ನೋಡಿ ಬರೋಣ ಅಂತ ಹೋದರೆ ಗಡಿಯಲ್ಲಿ ಯಾರೂ ತಡೆಯುವುದಿಲ್ಲ, ಆದರೆ ಬೆಲ್‌ಫಾಸ್ಟ್ ಇರುವುದು ಯುಕೆಯಲ್ಲಿ. ಆ ಎಂಟ್ರಿ ಅಲ್ಲಿಗೆ ಮುಗಿಯಿತು, ವಾಪಸ್ ಬರಲು ಹೊಸ ವೀಸಾ ಬೇಕು. ಇನ್ನೊಂದು, ನಿಮ್ಮ ಇ-ವೀಸಾ ಖಾತೆಗೆ ಈಗಿನ ಪಾಸ್‌ಪೋರ್ಟ್ ಜೋಡಣೆಯಾಗಿದೆಯೋ ಇಲ್ಲವೋ ಹೊರಡುವ ಮುಂಚೆ ನೋಡಿಕೋ. ಪಾಸ್‌ಪೋರ್ಟ್ ಹೊಸದು ಮಾಡಿಸಿ ಅದನ್ನು ಖಾತೆಗೆ ಸೇರಿಸದವರು ವಾಪಸಾಗುವಾಗ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಒದ್ದಾಡುತ್ತಾರೆ.

ನೀನು ಹೇಳಿದ ಭಾನುವಾರದಿಂದ ಗುರುವಾರದ ಲೆಕ್ಕ ಸರಿಯಾಗಿದೆ, ಅದನ್ನು ಬದಲಿಸಬೇಡ. ಕಿನ್‌ಸೇಲ್‌ನಲ್ಲಿ ಶುಕ್ರವಾರ, ಶನಿವಾರ ರಾತ್ರಿ ಮದುವೆಗೆ ಮುಂಚಿನ ಸ್ನೇಹಿತರ ಪಾರ್ಟಿಗಳು ಬಂದಿಳಿಯುತ್ತವೆ. ಪಬ್ಬುಗಳ ಮೇಲಿನ ರೂಮುಗಳಲ್ಲಿ ನಡುರಾತ್ರಿ ದಾಟಿದರೂ ಗದ್ದಲ ನಿಲ್ಲುವುದಿಲ್ಲ. ರೂಮು ಬುಕ್ ಮಾಡುವಾಗ ಬೀದಿ ಕಡೆಯದಲ್ಲ, ಹಿಂಭಾಗದ್ದು ಬೇಕು ಅಂತ ಬರೆದು ಕೇಳು. ಮೇ ತಿಂಗಳ ಮೊದಲ ಸೋಮವಾರದ ರಜೆಗೆ ರಗ್ಬಿ ಸೆವೆನ್ಸ್ ಪಂದ್ಯಾವಳಿ, ಅಕ್ಟೋಬರ್ ಕೊನೆಯ ಸೋಮವಾರದ ರಜೆಗೆ ಕಾರ್ಕ್‌ನ ಜಾಝ್ ಉತ್ಸವ. ಆ ಎರಡು ವಾರಾಂತ್ಯಗಳಲ್ಲಿ ರೂಮು ಸಿಗುವುದೂ ಕಷ್ಟ, ಸಿಕ್ಕರೆ ಬಾಡಿಗೆಯೂ ಹೆಚ್ಚು. ಸೆಪ್ಟೆಂಬರ್ ಕೊನೆಯಲ್ಲಿ ಇದಾವುದೂ ಇಲ್ಲ. ಶಾಲೆಗಳು ಶುರುವಾಗಿರುತ್ತವೆ, ಇಡೀ ಬೇಸಿಗೆ ಕಾದ ಸಮುದ್ರ ಇನ್ನೂ ತಣ್ಣಗಾಗಿರುವುದಿಲ್ಲ, ಸೂರ್ಯ ಮುಳುಗುವುದು ಸುಮಾರು ಏಳೂಕಾಲಿಗೆ.

ಎಲ್ಲಿ ಉಳಿಯುವುದು? ಊರ ನಡುವೆ ಉಳಿದರೆ ಎಲ್ಲವೂ ಕಾಲಳತೆಯಲ್ಲಿ. ಬಂದರಿನ ಪೂರ್ವಕ್ಕೆ ಸ್ಕಿಲ್ಲಿ ಅಂತ ಒಂದು ದಿಬ್ಬ ಇದೆ. ಅಲ್ಲಿಂದ ಊರಿಗೆ ಹತ್ತು ಹದಿನೈದು ನಿಮಿಷದ ನಡಿಗೆ, ಕಿಟಕಿಯಿಂದ ಇಡೀ ಬಂದರು ಕಾಣುತ್ತದೆ, ರಾತ್ರಿ ಸದ್ದಿಲ್ಲ. ಗಂಡ ಹೆಂಡತಿ ಇಬ್ಬರೇ ನಾಲ್ಕು ದಿನ ನೆಮ್ಮದಿಯಾಗಿರಲು ನಮ್ಮ ಓಟು ಸ್ಕಿಲ್ಲಿಗೆ. ಆದರೆ ವಾಪಸ್ ಬರುವಾಗ ಏರು ಹತ್ತಬೇಕು, ಚಕ್ರದ ದೊಡ್ಡ ಸೂಟ್‌ಕೇಸ್ ತಂದರೆ ಕೈ ಸೋಲುತ್ತದೆ. ಬೆನ್ನಿಗೆ ಹಾಕುವ ಬ್ಯಾಗೇ ಸಾಕು.

ಲಂಡನ್ನಿನಿಂದ ಕಾರ್ಕ್‌ಗೆ ನೇರ ವಿಮಾನ ಇದೆ, ಡಬ್ಲಿನ್ ಸುತ್ತಿ ಬರಬೇಡಿ. ಕಾರ್ಕ್ ವಿಮಾನ ನಿಲ್ದಾಣ ಇರುವುದೇ ಕಾರ್ಕ್ ನಗರಕ್ಕೂ ಕಿನ್‌ಸೇಲ್‌ಗೂ ನಡುವೆ, ಹಾಗಾಗಿ ನಗರದೊಳಕ್ಕೆ ಬರುವ ಅಗತ್ಯವೇ ಇಲ್ಲ. ಟರ್ಮಿನಲ್ ಹೊರಗೆ ಬಸ್ ಏರನ್‌ನ 226 ನಂಬರಿನ ಬಸ್ಸು ಸಿಗುತ್ತದೆ, ಸುಮಾರು ಅರ್ಧ ಗಂಟೆಗೆ ಕಿನ್‌ಸೇಲ್ ಪಿಯರ್ ರೋಡ್ ತಲುಪಿಸುತ್ತದೆ. ಭಾನುವಾರದ ವೇಳಾಪಟ್ಟಿ ಬೇರೆ, ಅದನ್ನೇ ನೋಡಿಕೊಂಡು ವಿಮಾನ ಬುಕ್ ಮಾಡು. ಇಲ್ಲಿ ಸ್ಟಾಪಿನಲ್ಲಿ ಸುಮ್ಮನೆ ನಿಂತರೆ ಬಸ್ಸು ನಿಲ್ಲಿಸದೆ ಹೋಗಿಬಿಡಬಹುದು, ಬಸ್ಸು ಕಂಡ ಕೂಡಲೇ ಕೈ ಚಾಚಬೇಕು. ಲಂಡನ್ನಿನಲ್ಲಿ ಫೋನಿನಲ್ಲಿ ಒತ್ತಿದ ಕೂಡಲೇ ಟ್ಯಾಕ್ಸಿ ಬರುತ್ತದೆ. ಕಿನ್‌ಸೇಲ್‌ನಲ್ಲಿ ಹಾಗಲ್ಲ, ಸಂಜೆಯ ಟ್ಯಾಕ್ಸಿಗೆ ಮಧ್ಯಾಹ್ನವೇ ಫೋನ್ ಮಾಡಿ ಹೇಳಿಡಬೇಕು.

ಇನ್ನು ನೀರಿನ ವಿಷಯ. ಬ್ಯಾಂಡನ್ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಕಿನ್‌ಸೇಲ್ ಇದೆ. ಗಂಗೊಳ್ಳಿಯ ಅಳಿವೆ ನೋಡಿಕೊಂಡೇ ಬೆಳೆದ ಅಳಿಯಂದಿರಿಗೆ ಉಬ್ಬರ ಇಳಿತ ಏನೆಂದು ನಾವು ಹೇಳಬೇಕಾಗಿಲ್ಲ, ಅಳತೆಯನ್ನಷ್ಟೇ ಹೇಳಬೇಕು. ನಮ್ಮ ಕರಾವಳಿಯಲ್ಲಿ ದೊಡ್ಡ ಉಬ್ಬರಕ್ಕೂ ನೀರು ಏರಿಳಿಯುವುದು ಒಂದೂವರೆ ಮೀಟರಿನ ಆಸುಪಾಸು. ಕಿನ್‌ಸೇಲ್‌ನಲ್ಲಿ ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ಸುಮಾರು ಮೂರೂವರೆ ಮೀಟರ್. ವರ್ಷದ ಅತಿ ದೊಡ್ಡ ಏರಿಳಿತ ಬರುವುದು ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಹಗಲು ರಾತ್ರಿ ಸಮವಾಗುವ ಹೊತ್ತಿನಲ್ಲಿ. ನೀವು ಬರುವ ವಾರ ಸರಿಯಾಗಿ ಅದೇ.

ಬೆಳಗ್ಗೆ ದೋಣಿಗಳು ಕಟ್ಟೆಯ ಅಂಚಿಗೆ ಸಮನಾಗಿ ತೇಲುತ್ತಿರುತ್ತವೆ. ಆರು ಗಂಟೆ ಕಳೆದು ಬಂದರೆ ಅದೇ ಕಟ್ಟೆಯ ಕಲ್ಲುಗೋಡೆ ಆಳುದ್ದಕ್ಕೂ ಮಿಕ್ಕಿ ಬರಿದಾಗಿ, ಕೆಳಗಿನ ಅರ್ಧಕ್ಕೆ ಕಂದು ಪಾಚಿ ಜೋತುಬಿದ್ದಿರುತ್ತದೆ. ತೇಲುವ ಜೆಟ್ಟಿಗೆ ಇಳಿಯುವ ಕಾಲುಸೇತುವೆ, ಮೊದಲು ಹೆಚ್ಚುಕಡಿಮೆ ಮಟ್ಟಸವಾಗಿದ್ದದ್ದು, ಈಗ ಏಣಿಯ ಹಾಗೆ ಕಡಿದಾಗಿರುತ್ತದೆ. ಒಂದು ದಿನವಾದರೂ ಒಂದೇ ಜಾಗದಲ್ಲಿ ಎರಡು ಹೊತ್ತು ನಿಂತು ನೋಡಿ. ಈ ಊರು ಏಕೆ ಇಲ್ಲೇ ಹುಟ್ಟಿತು, ಕೋಟೆಗಳು ಏಕೆ ಅಲ್ಲೇ ಕಟ್ಟಿದರು ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಒಂದು ಉಬ್ಬರದಿಂದ ಮುಂದಿನ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ಮುಂದೆ ಹೋಗುತ್ತದೆ. ಈ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಬೆಳಗ್ಗೆ ಸಂಜೆ ಬರುತ್ತದೆ, ಮಧ್ಯಾಹ್ನ ಇಳಿತ. ಅಷ್ಟಮಿಯ ಹೊತ್ತಿಗೆ ತಿರುಗಾಮುರುಗಾ, ಮಧ್ಯಾಹ್ನವೇ ಉಬ್ಬರ, ಆದರೆ ಏರಿಳಿತ ಸಣ್ಣದು. ಕ್ಯಾಲೆಂಡರ್ ನೋಡಿದರೆ ಯಾವ ದಿನ ಏನೆಂದು ಅಂದಾಜಾಗುತ್ತದೆ, ಸರಿಯಾದ ಗಂಟೆಗೆ ಮಾತ್ರ ಉಬ್ಬರದ ಪಟ್ಟಿಯನ್ನೇ ನೋಡು. ಅಚ್ಚಾದ ಪಟ್ಟಿಗಳಲ್ಲಿ ಹಲವು ಗ್ರೀನಿಚ್ ಸಮಯದಲ್ಲಿರುತ್ತವೆ. ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಇಲ್ಲಿಯ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಹಾಗಾಗಿ ಪಟ್ಟಿಗೆ ಒಂದು ಗಂಟೆ ಕೂಡಿಸಬೇಕು. ಕೂಡಿಸದೆ ಹೋದವರು ನೀರು ಇಳಿದು ಮರಳು ಕಾಣುತ್ತಿರುತ್ತದೆ ಅಂದುಕೊಂಡು ಹೋಗಿ ನೀರಿನ ಎದುರು ನಿಲ್ಲುತ್ತಾರೆ.

ಗಾಳಿಯದು ಇದಕ್ಕಿಂತ ಸುಲಭ. ಬಂದರಿನ ಬಾಯಿ ದಕ್ಷಿಣಕ್ಕೆ ತೆರೆದಿದೆ. ದಕ್ಷಿಣದ ಗಾಳಿ ಜೋರಾಗಿದ್ದರೆ ಅಲೆ ನೇರ ಒಳಕ್ಕೆ ಬರುತ್ತದೆ, ಕೋಟೆಯ ಮೇಲೆ ನಿಲ್ಲಲಾಗುವುದಿಲ್ಲ, ದೋಣಿ ವಿಹಾರ ರದ್ದಾಗುತ್ತದೆ. ಉತ್ತರದ ಗಾಳಿ ಇದ್ದರೆ ಚಳಿಯಿದ್ದರೂ ನೀರು ಶಾಂತ. ಇಲ್ಲಿಯ ಹವಾಮಾನ ಇಲಾಖೆ ಮೆಟ್ ಏರನ್‌ನವರು ಹಳದಿ, ಕಿತ್ತಳೆ, ಕೆಂಪು ಅಂತ ಮೂರು ಬಣ್ಣದ ಎಚ್ಚರಿಕೆ ಕೊಡುತ್ತಾರೆ. ಕಿತ್ತಳೆ ಬಂದ ದಿನ ಸಮುದ್ರದ ಅಂಚಿಗೆ ಹೋಗುವುದೇ ಬೇಡ. ದೊಡ್ಡ ಉಬ್ಬರದ ದಿನ ವಾಯುಭಾರವೂ ಕುಸಿದು ದಕ್ಷಿಣದ ಗಾಳಿಯೂ ಸೇರಿಕೊಂಡರೆ ನೀರು ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಮೇಲೇರುತ್ತದೆ. ಒಂದು ಮಿಲಿಬಾರ್ ಇಳಿದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಏರಿಕೆ ಅನ್ನುವುದು ಲೆಕ್ಕ. ಅಂಥ ದಿನ ಕಟ್ಟೆಯ ಪಕ್ಕ ಕಾರು ನಿಲ್ಲಿಸಬಾರದು.

ಸೋಮವಾರ ಒಣ ಹವೆಯಿದ್ದರೆ ಮೊದಲು ಹೋಗಬೇಕಾದದ್ದು ಚಾರ್ಲ್ಸ್ ಫೋರ್ಟ್‌ಗೆ, ಅದೂ ನಡೆದೇ. ಊರಿನಿಂದ ಸ್ಕಿಲ್ಲಿ ದಿಬ್ಬ ಹತ್ತಿ, ಸ್ಪ್ಯಾನಿಯರ್ಡ್ ಪಬ್ಬಿನ ತಿರುವಿನಲ್ಲಿ ಮೇಲಿನ ರಸ್ತೆ ಬಿಟ್ಟು ಬಲಕ್ಕೆ ಕೆಳಗಿನ ರಸ್ತೆ ಹಿಡಿಯಿರಿ. ಆ ರಸ್ತೆ ಮುಗಿದಲ್ಲಿ ನೀರಿನಂಚಿಗೇ ಸಾಗುವ ಕಾಲುದಾರಿ ಶುರುವಾಗುತ್ತದೆ. ಅಲ್ಲಿ ವಾಹನವಿಲ್ಲ, ಒಂದು ಕಡೆ ಮರಗಳ ಏರು, ಇನ್ನೊಂದು ಕಡೆ ಬಂದರು. ಅದು ಸಮ್ಮರ್‌ಕೋವ್ ಅನ್ನುವ ಸಣ್ಣ ಹಳ್ಳಿಯಲ್ಲಿ ಬುಲ್ಮನ್ ಪಬ್ಬಿನ ಹತ್ತಿರ ಹೊರಬರುತ್ತದೆ. ಅಲ್ಲಿಂದ ಕೋಟೆಗೆ ಚಿಕ್ಕದಾದರೂ ಕಡಿದಾದ ಏರು. ಒಟ್ಟು 3 ಕಿಲೋಮೀಟರ್, ಮುಕ್ಕಾಲು ಗಂಟೆ. ಮಳೆ ಬಂದ ಮರುದಿನ ಎಲೆ ಬಿದ್ದ ಕಲ್ಲಿನ ಮೇಲೆ ಜಾರುತ್ತದೆ, ನುಣ್ಣನೆ ಅಡಿಯ ಶೂ ಹಾಕಬೇಡ. ಬರುವಾಗ ಮೇಲಿನ ರಸ್ತೆಯಿಂದ ಬನ್ನಿ. ಬಂದರಿನ ನೋಟ ಅಲ್ಲಿಂದ ಇನ್ನೂ ಚೆನ್ನಾಗಿದೆ, ಆದರೆ ಫುಟ್‌ಪಾತ್ ಇಲ್ಲದ ಕಡೆ ಬರುವ ವಾಹನಕ್ಕೆ ಎದುರಾಗಿ ಬಲಬದಿಯಲ್ಲಿ ನಡೆಯಬೇಕು.

ಕೋಟೆಗೆ ಎರಡು ಗಂಟೆಯಾದರೂ ಕೊಡಿ. ಬೇಸಿಗೆಯ ವೇಳೆ ಬೆಳಗ್ಗೆ 10ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ, ಆದರೆ ಸಾಮಾನ್ಯವಾಗಿ ಕೊನೆಯ ಒಂದು ಗಂಟೆಯಲ್ಲಿ ಒಳಗೆ ಬಿಡುವುದಿಲ್ಲ. ಗೈಡ್ ಕರೆದುಕೊಂಡು ಹೋಗುವ ಸುತ್ತು ಟಿಕೆಟ್ಟಿನಲ್ಲೇ ಸೇರಿದೆ, ಅದನ್ನು ಬಿಡಬೇಡಿ. ಇದು ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ನ ಕಾಲದಲ್ಲಿ, 1677ರಿಂದ 1682ರ ನಡುವೆ ಕಟ್ಟಿದ ನಕ್ಷತ್ರಾಕಾರದ ಕೋಟೆ, ವಿನ್ಯಾಸ ವಿಲಿಯಂ ರಾಬಿನ್‌ಸನ್‌ನದು. ಸಕಲೇಶಪುರದ ಮಂಜರಾಬಾದ್ ಕೋಟೆ ನೋಡಿದವರಿಗೆ ಈ ನಕ್ಷೆ ಹೊಸದಲ್ಲ, ಎರಡರ ಹಿಂದೆಯೂ ಇರುವುದು ಫಿರಂಗಿ ಯುಗದ ಒಂದೇ ಯೂರೋಪಿಯನ್ ಲೆಕ್ಕಾಚಾರ. ದುಂಡನೆಯ ಬುರುಜಿನ ಬುಡದಲ್ಲಿ ಶತ್ರು ಅಡಗಿದರೆ ಮೇಲಿನವರಿಗೆ ಕಾಣುವುದಿಲ್ಲ. ಚೂಪಾಗಿ ಹೊರಚಾಚಿದ ಕೊತ್ತಳವಾದರೆ ಪಕ್ಕದ ಕೊತ್ತಳದಿಂದ ಅದರ ಗೋಡೆಯುದ್ದಕ್ಕೂ ಗುಂಡು ಹಾರಿಸಬಹುದು.

ಆದರೆ ಟಿಪ್ಪು ತನ್ನ ನಕ್ಷತ್ರವನ್ನು ಬೆಟ್ಟದ ನೆತ್ತಿಯ ಮೇಲೆ ಕಟ್ಟಿಸಿದ. ಚಾರ್ಲ್ಸ್ ಫೋರ್ಟ್ ಇರುವುದು ಗುಡ್ಡದ ಕೆಳಗೆ. ಕಡಲ ಕಡೆಯ ಗೋಡೆಗಳ ಮೇಲೆ ನಿಂತು ಮೊದಲು ಬಂದರಿನ ಬಾಯಿ ನೋಡಿ. ಒಳಬರುವ ಒಂದೊಂದು ಹಡಗೂ ಫಿರಂಗಿಯ ಎದುರಿಗೇ ಹಾದುಹೋಗಬೇಕು, ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಆಮೇಲೆ ತಿರುಗಿ ನೆಲದ ಕಡೆ ನೋಡಿ. ಕೋಟೆಗಿಂತ ಎತ್ತರದ ಹೊಲಗಳು ಬೆನ್ನಿಗೇ ಇವೆ. ಅಲ್ಲಿ ಫಿರಂಗಿ ಇಟ್ಟವನಿಗೆ ಕೋಟೆಯ ಒಳಗಿನದೆಲ್ಲ ಕಾಣುತ್ತದೆ. 1690ರಲ್ಲಿ ಆದದ್ದು ಅದೇ. ಇಂಗ್ಲಿಷ್ ಸೇನಾಪತಿ ಜಾನ್ ಚರ್ಚಿಲ್, ಅಂದರೆ ಮಾರ್ಲ್‌ಬರೋ, ಮೊದಲು ಎದುರು ದಡದ ಜೇಮ್ಸ್ ಫೋರ್ಟ್ ಹಿಡಿದು, ಆಮೇಲೆ ಇದನ್ನು ಭೂಮಿಯ ಕಡೆಯಿಂದ ಮುತ್ತಿದ. 13 ದಿನಕ್ಕೆ ಕೋಟೆ ಶರಣಾಯಿತು. ಮುಂದೆ ಇದು ಬ್ರಿಟಿಷ್ ಸೈನ್ಯದ ಬಿಡಾರವಾಗಿ ಇಪ್ಪತ್ತನೇ ಶತಮಾನದವರೆಗೂ ಉಳಿಯಿತು, 1922ರ ಅಂತರ್ಯುದ್ಧದಲ್ಲಿ ಸುಟ್ಟುಹೋಯಿತು. ಚಾವಣಿಯಿಲ್ಲದ ಎರಡಂತಸ್ತಿನ ಗೋಡೆಗಳು, ಒಳಗೆ ಬರೀ ಅಗ್ಗಿಷ್ಟಿಕೆಯ ಗೂಡುಗಳು ಕಾಣುವುದು ಆ ಬೆಂಕಿಯ ನಂತರದ ಸ್ಥಿತಿ.

ಇನ್ನೂ ಹಿಂದಿನದು 1601ರ ಕಿನ್‌ಸೇಲ್ ಕದನ. ಇಂಗ್ಲಿಷರ ವಿರುದ್ಧ ಎದ್ದ ಐರಿಷ್ ಒಡೆಯರಿಗೆ ನೆರವಾಗಲು ಸ್ಪೇನಿನ ಸೈನ್ಯ ಆ ಸೆಪ್ಟೆಂಬರ್‌ನಲ್ಲಿ ಇಲ್ಲಿ ಬಂದಿಳಿದು ಊರನ್ನು ಹಿಡಿದುಕೊಂಡಿತು. ನೆರವು ಬೇಕಾಗಿದ್ದವರು, ಹ್ಯೂ ಓನೀಲ್ ಮತ್ತು ಹ್ಯೂ ರೋ ಓಡಾನಲ್, ಇದ್ದದ್ದು ದೇಶದ ಆ ತುದಿಯ ಅಲ್‌ಸ್ಟರ್‌ನಲ್ಲಿ. ಚಳಿಗಾಲದಲ್ಲಿ ಇಡೀ ಐರ್ಲೆಂಡ್ ದಾಟಿ ನಡೆದು ಬಂದರು. ಊರನ್ನು ಮುತ್ತಿದ್ದ ಇಂಗ್ಲಿಷ್ ಸೇನಾಪತಿ ಲಾರ್ಡ್ ಮೌಂಟ್‌ಜಾಯ್‌ನ ಕುದುರೆ ದಂಡಿನ ಎದುರು ಡಿಸೆಂಬರ್ 24ರ ಬೆಳಗ್ಗೆ ಕೆಲವೇ ಗಂಟೆಗಳಲ್ಲಿ ಸೋತರು. 1607ರಲ್ಲಿ ಓನೀಲ್ ದೇಶವನ್ನೇ ಬಿಟ್ಟುಹೋದ. ಹಳೆಯ ಗೇಲಿಕ್ ಆಳ್ವಿಕೆ ಅಲ್ಲಿಗೆ ಮುಗಿದಂತೆಯೇ. ಇಷ್ಟು ತಿಳಿದುಕೊಂಡು ಹೋದರೆ ಪಬ್ಬಿನ ಹೆಸರಿನಿಂದ ಹಿಡಿದು ಎರಡು ಕೋಟೆಗಳವರೆಗೆ ಎಲ್ಲದಕ್ಕೂ ಸಂಬಂಧ ಕಾಣುತ್ತದೆ. ಜೇಮ್ಸ್ ಫೋರ್ಟ್ ಕಟ್ಟಿದ್ದು ಆ ಕದನದ ಮರುವರ್ಷದಿಂದ, ಇನ್ನೊಮ್ಮೆ ಸ್ಪೇನಿನವರು ಬರಬಾರದು ಅಂತ.

ಆ ಜೇಮ್ಸ್ ಫೋರ್ಟ್‌ಗೆ ಮಂಗಳವಾರ ಹೋಗಿ. ಬ್ಯಾಂಡನ್ ನದಿಯ ಮೇಲಿನ ಡಗ್ಗನ್ ಸೇತುವೆ ದಾಟಿ ಎಡಕ್ಕೆ ಕ್ಯಾಸಲ್‌ಪಾರ್ಕ್ ಕಡೆ ನಡೆಯಬೇಕು. ಟಿಕೆಟ್ಟಿಲ್ಲ, ಗೇಟಿಲ್ಲ, ಹುಲ್ಲು ಬೆಳೆದ ಪಾಳು ಕೋಟೆ. ಎದುರು ದಡದ ಚಾರ್ಲ್ಸ್ ಫೋರ್ಟ್ ಪೂರ್ತಿ ಕಾಣುವುದು ಇಲ್ಲಿಂದ ಮಾತ್ರ. ಜೇಮ್ಸ್ ಫೋರ್ಟ್ ಕೆಳಗೇ ಡಾಕ್ ಬೀಚ್ ಅನ್ನುವ ಸಣ್ಣ ಮರಳದಂಡೆ ಇದೆ. ಈಜುವುದಾದರೆ ಇಲ್ಲೇ ಈಜಿ, ನೀರು ಅರ್ಧಕ್ಕೆ ಏರಿದ ಮೇಲೆ. ಸಮುದ್ರದ ಉಷ್ಣಾಂಶ ಆ ತಿಂಗಳು 15 ಡಿಗ್ರಿ ಸುಮಾರು. ನಮ್ಮ ಮೈಗೆ ಇದು ಬಹಳ ತಣ್ಣಗೆ. ದುಡುಮ್ಮನೆ ಧುಮುಕಿದರೆ ಉಸಿರು ಸಿಕ್ಕಿಕೊಂಡಂತಾಗಿ ಬಾಯಿಗೆ ನೀರು ಹೋಗುತ್ತದೆ, ಈಜು ಬರುವವರೂ ಮುಳುಗುವುದು ಆ ಮೊದಲ ಒಂದೆರಡು ನಿಮಿಷದಲ್ಲೇ. ಕಾಲು, ಸೊಂಟ, ಎದೆ ಅಂತ ನಿಧಾನವಾಗಿ ಇಳಿದು, ಉಸಿರು ಹತೋಟಿಗೆ ಬಂದ ಮೇಲೆ ಈಜಬೇಕು. ಹತ್ತು ನಿಮಿಷ ಸಾಕು. ಹೊರಬಂದ ಮೇಲೂ ಮೈ ಇನ್ನಷ್ಟು ತಣ್ಣಗಾಗುತ್ತ ಹೋಗುತ್ತದೆ, ಅದಕ್ಕೆ ಒದ್ದೆ ಬಟ್ಟೆ ತಕ್ಷಣ ತೆಗೆದು ಒಣ ಬಟ್ಟೆ, ಟೋಪಿ ಹಾಕಿ ಫ್ಲಾಸ್ಕಿನ ಚಹಾ ಕುಡಿಯಬೇಕು. ಒಬ್ಬರು ನೀರಿನಲ್ಲಿದ್ದಾಗ ಇನ್ನೊಬ್ಬರು ದಡದಲ್ಲೇ ಇರಿ. ತುರ್ತಿಗೆ 112 ಒತ್ತಿ ಕೋಸ್ಟ್ ಗಾರ್ಡ್ ಬೇಕು ಅನ್ನಿ.

ಊರೊಳಗಿನದು ಅರ್ಧ ದಿನದ ಕೆಲಸ: ಹನ್ನೆರಡನೇ ಶತಮಾನದ ಕೊನೆಯಲ್ಲಿ ಕಟ್ಟಿದ, ಇವತ್ತಿಗೂ ಪ್ರಾರ್ಥನೆ ನಡೆಯುವ ಸೇಂಟ್ ಮಲ್ಟೋಸ್ ಚರ್ಚು, ಹಳೆಯ ಮಾರ್ಕೆಟ್ ಹೌಸಿನ ಮ್ಯೂಸಿಯಂ, ಗೋಡೆಗೆ ಹಂಚಿನಂತೆ ಸ್ಲೇಟ್ ಕಲ್ಲು ಹೊದಿಸಿದ ಮನೆಗಳು. ಮಳೆಯ ಹೊತ್ತಿಗೆ ಇವನ್ನು ಉಳಿಸಿಕೊಳ್ಳಿ. ಮ್ಯೂಸಿಯಂ ದಿನವೂ ತೆರೆದಿರುವುದಿಲ್ಲ, ಕೇಳಿಕೊಂಡು ಹೋಗಿ.

ಬುಧವಾರ ಬೆಳಗ್ಗೆ 226ರಲ್ಲಿ ವಿಮಾನ ನಿಲ್ದಾಣಕ್ಕೆ ಹೋಗಿ ಕಾರು ತೆಗೆದುಕೊಳ್ಳಿ, ಗುರುವಾರ ಅಲ್ಲೇ ವಾಪಸ್ ಕೊಡಿ. ಕಿನ್‌ಸೇಲ್‌ನ ಬೀದಿಗಳು ಇಕ್ಕಟ್ಟು, ಹಲವು ಏಕಮುಖ, ನಾಲ್ಕೂ ದಿನ ಕಾರು ಇಟ್ಟುಕೊಂಡರೆ ನಿಲ್ಲಿಸುವ ಚಿಂತೆಯಲ್ಲೇ ದಿನ ಕಳೆಯುತ್ತದೆ. ಗಾಡಿ ಓಡಿಸುವವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಬೇಕು, ಡೆಬಿಟ್ ಕಾರ್ಡಿಗೆ ಕೆಲವರು ಗಾಡಿ ಕೊಡುವುದಿಲ್ಲ. ಆಟೋಮ್ಯಾಟಿಕ್ ಬೇಕಾದರೆ ಈಗಲೇ ಬುಕ್ ಮಾಡಿ. ಕೀ ಕೈಗೆ ಬಂದ ಕೂಡಲೇ ನಾಲ್ಕೂ ಚಕ್ರದ ರಿಮ್ಮು, ಎಡಬದಿಯ ಕನ್ನಡಿ, ಬಾಗಿಲುಗಳನ್ನು ವಿಡಿಯೋ ಮಾಡಿಕೊಳ್ಳಿ. ಇಲ್ಲಿಯ ಹಳ್ಳಿರಸ್ತೆಯ ಬೇಲಿಗಿಡದ ಒಳಗೆ ಕಲ್ಲುಗೋಡೆ ಇರುತ್ತದೆ, ಎದುರು ಟ್ರ್ಯಾಕ್ಟರ್ ಬಂತೆಂದು ಬದಿಗೆ ಒತ್ತಿದಾಗ ಗೀಚುವುದು ಅಲ್ಲೇ. ಲಂಡನ್ನಿನಂತೆ ಎಡಬದಿಯೇ ಆದರೂ ವೇಗದ ಫಲಕಗಳು ಕಿಲೋಮೀಟರಿನಲ್ಲಿ. 2025ರ ಫೆಬ್ರವರಿಯಿಂದ ಹಳ್ಳಿಗಾಡಿನ ಸ್ಥಳೀಯ ರಸ್ತೆಗಳಲ್ಲಿ ಮಿತಿ 60, ಹಳೆಯ ಬ್ಲಾಗುಗಳಲ್ಲಿ 80 ಅಂತ ಇದ್ದರೆ ನಂಬಬೇಡಿ.

ಮೊದಲು ಓಲ್ಡ್ ಹೆಡ್‌ಗೆ, ಸುಮಾರು 25 ನಿಮಿಷ. ಭೂಶಿರದ ತುದಿ ಖಾಸಗಿ ಗಾಲ್ಫ್ ಮೈದಾನ, ಸಾಮಾನ್ಯ ದಿನಗಳಲ್ಲಿ ದೀಪಸ್ತಂಭದವರೆಗೆ ನಮ್ಮಂಥವರನ್ನು ಬಿಡುವುದಿಲ್ಲ. ಇದು ತಿಳಿಯದೆ ಹೋದವರು ಗೇಟಿನಿಂದ ಬೇಸರದಲ್ಲಿ ತಿರುಗುತ್ತಾರೆ. ಗೇಟಿಗೆ ಮುಂಚೆಯೇ ಇರುವ ಹಳೆಯ ಸಿಗ್ನಲ್ ಟವರ್ ಮತ್ತು ಲೂಸಿಟಾನಿಯಾ ಸ್ಮಾರಕ ಉದ್ಯಾನ ನೋಡಬೇಕಾದದ್ದು. 1915ರ ಮೇ 7ರ ಮಧ್ಯಾಹ್ನ ಜರ್ಮನ್ ಜಲಾಂತರ್ನೌಕೆಯ ಟಾರ್ಪಿಡೋ ತಗುಲಿದ ಆ ಹಡಗು 18 ನಿಮಿಷದಲ್ಲಿ ಮುಳುಗಿತು, ಸತ್ತವರು ಸುಮಾರು 1,200. ಅಂದು ಗಾಳಿಯೇ ಇರಲಿಲ್ಲ. ಪಕ್ಕದ ಕೋರ್ಟ್‌ಮ್ಯಾಕ್‌ಶೆರಿಯ ಜೀವರಕ್ಷಕ ದೋಣಿಯವರು ಹಾಯಿ ಬಿಚ್ಚಿ ಪ್ರಯೋಜನವಿಲ್ಲದೆ ಮೂರು ಗಂಟೆಗೂ ಹೆಚ್ಚು ಹುಟ್ಟು ಹಾಕಿಕೊಂಡೇ ಹೋದರು. ಅವರು ತಲುಪುವಷ್ಟರಲ್ಲಿ ನೀರಿನಲ್ಲಿ ಜೀವಂತ ಉಳಿದವರು ಇರಲಿಲ್ಲ. ವಿಚಾರಣೆ ನಡೆದದ್ದು ಕಿನ್‌ಸೇಲ್‌ನಲ್ಲೇ, ಸತ್ತವರಲ್ಲಿ ಕೆಲವರ ಸಮಾಧಿ ಸೇಂಟ್ ಮಲ್ಟೋಸ್ ಅಂಗಳದಲ್ಲಿದೆ. ದಾರಿಯಲ್ಲಿ ಸಿಗುವ ಗ್ಯಾರೆಟ್ಸ್‌ಟೌನ್ ಬೀಚಿನಲ್ಲಿ ಇಳಿತದ ಹೊತ್ತಿಗೆ ಉದ್ದಕ್ಕೂ ನಡೆಯಬಹುದು, ಈಜು ಮಾತ್ರ ಬೇಡ. ಅಲೆಯ ಸೆಳೆತವಿರುವ ಕಡಲು, ಆ ಹೊತ್ತಿಗೆ ಲೈಫ್‌ಗಾರ್ಡುಗಳ ಕಾಲವೂ ಮುಗಿದಿರುತ್ತದೆ.

ಅಲ್ಲಿಂದ ಟಿಮೊಲೀಗ್‌ಗೆ. ಅಳಿವೆಯ ಅಂಚಿನಲ್ಲಿ ಫ್ರಾನ್ಸಿಸ್ಕನ್ ಮಠದ ಪಾಳು ಗೋಡೆಗಳಿವೆ, ನೀರು ಇಳಿದಾಗ ಕೆಸರಿನ ಮೇಲೆ ಬಾಗಿದ ಕೊಕ್ಕಿನ ಕರ್ಲ್ಯೂ ಹಕ್ಕಿಗಳು ಗುಂಪಾಗಿ ಮೇಯುತ್ತವೆ.

ಅಪ್ಪ ಸೇರಿಸಲೇಬೇಕು ಅಂದ ಜಾಗ ಅಹಕಿಸ್ಟಾ. ಕಿನ್‌ಸೇಲ್‌ನಿಂದ ಒಂದು ಕಡೆಗೆ ಎರಡು ಗಂಟೆ ಹಿಡಿಯುತ್ತದೆ, ಶೀಪ್ಸ್ ಹೆಡ್ ಪರ್ಯಾಯದ್ವೀಪದ ಸಣ್ಣ ಊರು. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಈ ಕಡಲಿನ ಮೇಲೆ ಬಾಂಬಿನಿಂದ ಸಿಡಿದು 329 ಜನ ತೀರಿಕೊಂಡರು. ಸಿಕ್ಕ ದೇಹಗಳನ್ನು ತಂದದ್ದು ಕಾರ್ಕ್‌ನ ಆಸ್ಪತ್ರೆಗೆ. ಅಹಕಿಸ್ಟಾದಲ್ಲಿ ಸಮುದ್ರಕ್ಕೆ ಎದುರಾಗಿ ಒಂದು ಸೂರ್ಯ ಗಡಿಯಾರ, ಹೆಸರುಗಳನ್ನು ಕೆತ್ತಿದ ಗೋಡೆ ಇದೆ. ಸ್ಥಳೀಯರು ಆ ಜಾಗವನ್ನು ಇಂದಿಗೂ ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ, ಪ್ರತಿ ಜೂನ್ 23ಕ್ಕೆ ಸೇರುತ್ತಾರೆ. ಇದಕ್ಕೆ ಹೋಗುವುದಾದರೆ ಟಿಮೊಲೀಗ್ ಬಿಟ್ಟು ಬೆಳಗ್ಗೆ ಬೇಗ ಹೊರಡಬೇಕು. ಭಾರತದವರು ಇಷ್ಟು ಹತ್ತಿರ ಬಂದು ಅಲ್ಲಿಗೆ ಹೋಗದೆ ಇರಬಾರದು ಅನ್ನುವುದು ನಮ್ಮಿಬ್ಬರ ಅಭಿಪ್ರಾಯ.

ಊಟದ ವಿಷಯದಲ್ಲಿ ಅಳಿಯಂದಿರ ಚಿಂತೆಯಿಲ್ಲ. ಹೇಕ್, ಹ್ಯಾಡಕ್, ಮಾಂಕ್‌ಫಿಷ್ ತಾಜಾ ಸಿಗುತ್ತವೆ. ಮ್ಯಾಕೆರೆಲ್ ಇದ್ದರೆ ಅದನ್ನೇ ಕೇಳಲಿ, ಬಂಗುಡೆಯ ಹತ್ತಿರದ ಸಂಬಂಧಿ, ಕೊಬ್ಬು ಇನ್ನೂ ಹೆಚ್ಚು. ಇಲ್ಲಿಯ ಸ್ಥಳೀಯ ತಳಿಯ ಸಿಂಪಿಗೂ ಸೆಪ್ಟೆಂಬರ್‌ನಿಂದ ಕಾಲ. ನಿನಗೆ ಸ್ವಲ್ಪ ವಿಚಾರಿಸುವ ಕೆಲಸ ಇದೆ. ತರಕಾರಿ ಸೂಪ್ ಅಂತ ಬರೆದಿದ್ದರೂ ಕೋಳಿಯ ಸ್ಟಾಕ್ ಹಾಕಿರುತ್ತಾರೆ, ಕೇಳಬೇಕು. ಚೌಡರ್ ಅನ್ನುವ ಗಟ್ಟಿ ಸೂಪ್ ಅಂದರೆ ಮೀನಿನದೇ. ಚಿಪ್ಸ್ ಕರಿಯುವ ಎಣ್ಣೆ ಮೀನಿಗೂ ಅದೇ ಆಗಿರಬಹುದು, ಬೇರೆ ಬಾಣಲೆ ಇದೆಯಾ ಅಂತ ಕೇಳು, ಯಾರೂ ತಪ್ಪು ತಿಳಿಯುವುದಿಲ್ಲ. ಬೆಳಗಿನ ತಿಂಡಿಯ ಬ್ಲ್ಯಾಕ್ ಪುಡಿಂಗ್ ರಕ್ತ ಸೇರಿಸಿ ಮಾಡಿದ್ದು, ವೈಟ್ ಪುಡಿಂಗ್‌ನಲ್ಲೂ ಹಂದಿಮಾಂಸ. ಸಸ್ಯಾಹಾರ ಬೇಕೆಂದು ಹಿಂದಿನ ಸಂಜೆಯೇ ಉಳಿದುಕೊಂಡ ಜಾಗದವರಿಗೆ ಹೇಳಿಬಿಡು. ವೆಸ್ಟ್ ಕಾರ್ಕ್‌ನ ಡರಸ್, ಗಬೀನ್ ಚೀಸುಗಳಿಗೆ ಒಳ್ಳೆಯ ಹೆಸರಿದೆ, ಹೆಪ್ಪುಹಾಕಲು ಪ್ರಾಣಿಜನ್ಯ ರೆನೆಟ್ ಬಳಸಿದ್ದಾರೋ ಅಂತ ವಿಚಾರಿಸಿ ತಗೋ. ಕಂದು ಸೋಡಾ ಬ್ರೆಡ್ ಮಾತ್ರ ನಿಶ್ಚಿಂತೆಯಿಂದ ತಿನ್ನು, ತೌಡು ಇರುವ ಗೋಧಿಹಿಟ್ಟು, ಮಜ್ಜಿಗೆ, ಅಡುಗೆ ಸೋಡಾ, ಉಪ್ಪು, ಸಾಮಾನ್ಯವಾಗಿ ಅಷ್ಟೇ. ಬಿಸಿಯಿರುವಾಗ ಬೆಣ್ಣೆ ಹಚ್ಚಿದರೆ ಬೇರೇನೂ ಬೇಡ. ಸೋಮವಾರ, ಮಂಗಳವಾರ ಹಲವು ಹೋಟೆಲುಗಳು ಮುಚ್ಚಿರುತ್ತವೆ, ತೆರೆದವುಗಳ ಅಡುಗೆಮನೆಯೂ ರಾತ್ರಿ ಒಂಬತ್ತರ ಹೊತ್ತಿಗೆ ಬಂದ್. ಆ ಎರಡು ರಾತ್ರಿಗೆ ಮುಂಚೆಯೇ ಮೇಜು ಕಾದಿರಿಸಿ.

ಬಟ್ಟೆಗೆ ಬಂದರೆ, ಛತ್ರಿ ತರಬೇಡಿ, ಗಾಳಿಗೆ ಮಗುಚಿಕೊಳ್ಳುತ್ತದೆ. ತಲೆಗವಸಿರುವ, ಗಾಳಿ ಮಳೆ ಎರಡನ್ನೂ ತಡೆಯುವ ಜಾಕೆಟ್, ಒಳಗೆ ತೆಳು ಉಣ್ಣೆಯ ಸ್ವೆಟರ್. ಜೀನ್ಸ್ ನೆಂದರೆ ಇಲ್ಲಿಯ ತೇವದಲ್ಲಿ ಮರುದಿನಕ್ಕೂ ಒಣಗುವುದಿಲ್ಲ, ಬೇಗ ಒಣಗುವ ಪ್ಯಾಂಟ್ ಎರಡು ಇರಲಿ. ಲಂಡನ್ನಿನ ಪ್ಲಗ್ಗುಗಳೇ ಇಲ್ಲಿಗೂ ಆಗುತ್ತವೆ. ನಿಮ್ಮ ಸಿಮ್ಮಿಗೆ ಐರ್ಲೆಂಡಿನ ರೋಮಿಂಗ್ ದರ ಎಷ್ಟೆಂದು ಕೇಳಿಕೊಳ್ಳಿ, ಉಬ್ಬರದ ಪಟ್ಟಿಯನ್ನೂ ನಕ್ಷೆಯನ್ನೂ ಇಂಟರ್‌ನೆಟ್ ಇಲ್ಲದಾಗಲೂ ಕಾಣುವಂತೆ ಫೋನಿನಲ್ಲಿ ಇಳಿಸಿಕೊಳ್ಳಿ. ಓಲ್ಡ್ ಹೆಡ್ ದಾಟಿದ ಮೇಲೆ ಸಿಗ್ನಲ್ ಅಲ್ಲಲ್ಲಿ ಕೈಕೊಡುತ್ತದೆ.

ಗುರುವಾರ ಹನ್ನೊಂದರೊಳಗೆ ಪೆಟ್ರೋಲ್ ತುಂಬಿಸಿ ಕಾರು ಒಪ್ಪಿಸಿ, ಟ್ಯಾಂಕು ತುಂಬಿಸದೆ ಕೊಟ್ಟರೆ ದುಪ್ಪಟ್ಟು ಹಾಕುತ್ತಾರೆ. ಅಪ್ಪ ಅಲ್ಲೇ ಟರ್ಮಿನಲ್ ಹತ್ತಿರ ಬರುತ್ತಾರೆ, ಮಧ್ಯಾಹ್ನದ ಊಟ ಮನೆಯಲ್ಲೇ. ಕಾರಿನ ಬುಕಿಂಗ್ ಸಮಯ ಖಚಿತವಾದ ಮೇಲೆ ತಿಳಿಸು, ವೀಸಾ ಅರ್ಜಿಗೆ ನಮ್ಮ ವಿಳಾಸದ ಪತ್ರ ಬೇಕಿದ್ದರೆ ಈ ವಾರವೇ ಹೇಳು, ಸಹಿ ಮಾಡಿ ಕಳಿಸುತ್ತೇವೆ.

ಅಳಿಯಂದಿರಿಗೆ ನಮ್ಮ ಆಶೀರ್ವಾದ ಹೇಳು.

ಪ್ರೀತಿಯಿಂದ,
ಅಮ್ಮ, ಅಪ್ಪ